ಬೀದಿಗೆ ಬಿದ್ದ ತಾಯಂದಿರಿಗೆ ಒಂದು ಸೂರು

ಕಲ್ಯಾಣದಲ್ಲಿ ಕಲಬುರ್ಗಿಯ ಕಡೆಗೆ ಗಾಡಿ ಹತ್ತುವ ನಮ್ಮವರು ಪುಣೆ ದಾಟಿದ ಮೇಲೆ ಕೇಡಗಾಂವ್ ಎಂಬ ಚಿಕ್ಕ ನಿಲ್ದಾಣವನ್ನು ಹಾದುಹೋಗುತ್ತಾರೆ. ನಿರಾಶ್ರಿತ ತಾಯಿ-ಮಕ್ಕಳ ಚರಿತ್ರೆಯಲ್ಲಿ ಅದು ದೊಡ್ಡ ಹೆಸರು.

ಅಲ್ಲಿ ಮುಕ್ತಿ ಸದನವನ್ನು ಕಟ್ಟಿದ ಪಂಡಿತಾ ರಮಾಬಾಯಿಯವರು 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಕಾರ್ಕಳದ ಬಳಿಯ ಮಾಳದ ಅನಂತ ಶಾಸ್ತ್ರಿ ಡೋಂಗ್ರೆ. ಮಡದಿಗೆ ಸಂಸ್ಕೃತ ಕಲಿಸಿ ಊರವರ ಮುನಿಸಿಗೆ ಗುರಿಯಾದವರು. ತಂದೆತಾಯಿಯರಿಬ್ಬರೂ ಬರಗಾಲಕ್ಕೆ ಬಲಿಯಾದರು. 1882ರಲ್ಲಿ ಗಂಡನೂ ತೀರಿಕೊಂಡಾಗ ರಮಾಬಾಯಿಯವರ ಮಡಿಲಲ್ಲಿ ಹಸುಗೂಸು ಮನೋರಮೆ ಇದ್ದಳು.

1889ರ ಮಾರ್ಚ್ 11ರಂದು ಅವರು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಹೋಯಿತು. ಕ್ರೈಸ್ತ ಮತ ಸ್ವೀಕರಿಸಿದ್ದ ಅವರ ಮೇಲೆ ಮತಾಂತರದ ಆಪಾದನೆ ಎದ್ದು, 1893ರಲ್ಲಿ ರಾನಡೆ, ಭಾಂಡಾರ್ಕರ್ ಮೊದಲಾದವರು ಸಲಹಾ ಮಂಡಳಿಯಿಂದ ಹೊರಬಂದರು. ಆ ವಾದ ಏನೇ ಇರಲಿ, 1896-97ರ ಬರಗಾಲದಲ್ಲಿ ಮಧ್ಯಪ್ರಾಂತ್ಯಕ್ಕೆ ಹೋಗಿ ನೂರಾರು ಹೆಂಗಸರನ್ನೂ ಹೆಣ್ಣುಮಕ್ಕಳನ್ನೂ ಕರೆತಂದವರು ಅವರೇ. ಮೊದಲು ಅನ್ನ, ಔಷಧ. ಆಮೇಲೆ ಅಕ್ಷರ, ನೇಯ್ಗೆ, ಮುದ್ರಣ, ಬೇಸಾಯ. ಸಮಾಜ ಹೊರಹಾಕಿದವರಿಗೆಂದು ಕೃಪಾ ಸದನವೂ ಇತ್ತು. 1922ರಲ್ಲಿ ಅವರು ತೀರಿಕೊಂಡರು. ಸಂಸ್ಥೆ ಇಂದಿಗೂ ನಡೆಯುತ್ತಿದೆ.

ಥಾಣೆ, ಡೊಂಬಿವಲಿ, ನವಿಮುಂಬಯಿಗಳ ಬಾಡಿಗೆ ಕೋಣೆಯಿಂದ ಮಗುವಿನೊಡನೆ ಹೊರದೂಡಲ್ಪಟ್ಟವಳಿಗೆ ತವರು ದೂರ. ಆದರೆ ಈಗ ಕಾನೂನಿನ ಆಸರೆಯಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯಂತೆ ಕೋರಿಕೆ ಬಂದರೆ ಆಶ್ರಯಧಾಮದವರು ಆಸರೆ ಕೊಡಲೇಬೇಕು. 181ಕ್ಕೆ ಹಗಲಿರುಳೂ ದೂರವಾಣಿ ಮಾಡಬಹುದು. ಅಂಥವಳಿಗೆ ಊರಿನ ಟಿಕೆಟು ತೆಗೆಸಿಕೊಟ್ಟು ಕೈತೊಳೆದುಕೊಂಡರೆ ಸಾಲದು. ಆ ರಾತ್ರಿಗೆ ಸೂರು, ಮಗುವಿಗೆ ಶಾಲೆ, ತಾಯಿಗೆ ದುಡಿಮೆ, ಈ ಮೂರೂ ಒಟ್ಟಿಗೆ ಬೇಕೆಂಬುದನ್ನು ಕೇಡಗಾಂವ್ ನೂರು ವರ್ಷಗಳ ಹಿಂದೆಯೇ ತೋರಿಸಿಕೊಟ್ಟಿದೆ.