ಸೋರುವ ಎಣ್ಣೆ, ಹಿಡಿದಿಡುವ ಕೊಳವೆ

ತೊಗರಿ, ಸೋಯಾ ಅವರೆ, ತರಕಾರಿಗಳ ಚೀಲ ಹೇರಿಕೊಂಡು ಭಾಲ್ಕಿ ಮತ್ತು ಔರಾದ್ ತಾಲ್ಲೂಕುಗಳ ಹಳ್ಳಿಗಳಿಂದ ಬೀದರ್ ನಗರಕ್ಕೆ ಬರುವ ಪಿಕಪ್ ವಾಹನಗಳನ್ನು ನೀವು ನೋಡಿರಬಹುದು. ಭಾಲ್ಕಿ ಮತ್ತು ಔರಾದ್ ಪಟ್ಟಣಗಳೆರಡೂ ಬೀದರ್‌ನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿವೆ. ಇಂಥ ವಾಹನ ರಾತ್ರಿ ನಿಂತ ಜಾಗದಲ್ಲಿ ಬೆಳಿಗ್ಗೆ ಒಂದು ಕಪ್ಪು ಕಲೆ ಕಾಣುವುದುಂಟು. ಅದು ಎಂಜಿನ್ ಎಣ್ಣೆ. ಅದು ಸೋರುವ ಜಾಗಗಳು ಹಲವು. ಅವುಗಳಲ್ಲಿ ಒಂದು, ಎಂಜಿನ್‌ನಿಂದ ಮುಂಭಾಗದ ಆಯಿಲ್ ಕೂಲರ್‌ಗೆ ಎಣ್ಣೆ ಒಯ್ಯುವ ಮತ್ತು ಮರಳಿ ತರುವ ಜೋಡಿ ಕೊಳವೆ.

ಈ ಕೊಳವೆಯನ್ನು ಮನೆಯಂಗಳದಲ್ಲೇ ಬದಲಿಸುವವರಿದ್ದಾರೆ. ಕೆಲಸ ಚಿಕ್ಕದು. ಆದರೆ ಆ ಕೊಳವೆಯಲ್ಲಿ ಎಣ್ಣೆಯನ್ನು ಹಿಡಿದಿಡುವುದನ್ನು ಕಲಿಯಲು ಮನುಷ್ಯನಿಗೆ ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಆ ಕಲಿಕೆಯ ಮುಖ್ಯ ಹೆಜ್ಜೆಯೊಂದು ಆರಂಭವಾದದ್ದೇ ಸೋರಿಕೆಯಿಂದ!

ಗಾಡಿಯ ಕೀಲೆಣ್ಣೆ

ಎರಡು ಘನವಸ್ತುಗಳು ಒಂದಕ್ಕೊಂದು ತಗುಲಿ ಚಲಿಸುವಾಗ ಘರ್ಷಣೆ ಉಂಟಾಗುತ್ತದೆ. ಘರ್ಷಣೆಯಿಂದ ಶಾಖ ಹುಟ್ಟುತ್ತದೆ, ವಸ್ತು ಸವೆಯುತ್ತದೆ. ಇದನ್ನು ತಡೆಯಲು ನಮ್ಮ ರೈತರು ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು. ಈ ಭಾಗದ ದೇವಣಿ ತಳಿಯ ಎತ್ತುಗಳು ಎಳೆಯುತ್ತಿದ್ದ ಗಾಡಿಗಳಿಗೂ ಅದು ಬೇಕಿತ್ತು. ಹರಳೆಣ್ಣೆ ಇದಕ್ಕೆ ಹೇಳಿ ಮಾಡಿಸಿದಂಥದ್ದು. ಅದು ಮಂದವಾಗಿದ್ದು, ಲೋಹಕ್ಕೂ ಮರಕ್ಕೂ ಚೆನ್ನಾಗಿ ಅಂಟಿಕೊಳ್ಳುತ್ತದೆ.

ಗಾಡಿಯ ಅಚ್ಚಿನ ಎಣ್ಣೆ ಮರಳಿ ಬರುತ್ತಿರಲಿಲ್ಲ. ಹಾಕಿದ್ದು ಹರಿದು, ಧೂಳಿನೊಡನೆ ಬೆರೆತು ನೆಲಕ್ಕೆ ಬೀಳುತ್ತಿತ್ತು. ಮತ್ತೆ ಹೊಸದಾಗಿ ಹಾಕಬೇಕಿತ್ತು. ಮೊದಲನೆಯ ಮಹಾಯುದ್ಧದ ಕಾಲದ ಕೆಲವು ವಿಮಾನಗಳಲ್ಲೂ ಇದೇ ಕ್ರಮವಿತ್ತು ಎಂದರೆ ಆಶ್ಚರ್ಯವಾಗಬಹುದು. ಅವುಗಳ ಸುತ್ತುವ ಎಂಜಿನ್‌ಗಳಿಗೆ ಹಾಕುತ್ತಿದ್ದುದೂ ಹರಳೆಣ್ಣೆಯೇ. ಅದು ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದಿಲ್ಲ ಎಂಬುದು ಅದರ ಆಯ್ಕೆಗೆ ಕಾರಣ. ಬಳಸಿದ ಎಣ್ಣೆ ಹೊಗೆಯೊಡನೆ ಹೊರಬಿದ್ದು ಹೋಗುತ್ತಿತ್ತು. 1909ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೇಕ್‌ಫೀಲ್ಡ್‌ನ ಕಂಪನಿ ಹೊರತಂದ ಎಣ್ಣೆಗೆ ‘ಕ್ಯಾಸ್ಟ್ರಾಲ್’ ಎಂಬ ಹೆಸರು ಬಂದದ್ದೂ ಹರಳೆಣ್ಣೆಯ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್‌ನಿಂದಲೇ.

ಕಿತ್ತು ಬಂದ ಬಿರಡೆ

19ನೇ ಶತಮಾನದಲ್ಲಿ ರೈಲು ಬಂದ ಮೇಲೆ ಅಚ್ಚಿನ ಮೇಲಿನ ಭಾರವೂ ವೇಗವೂ ಬಹಳ ಹೆಚ್ಚಿದವು. ಓಡುವಾಗಲೇ ಎಣ್ಣೆ ಉಣಿಸುವ ಸಾಧನಗಳು ಬೇಕಾದವು. ಅಮೆರಿಕದ ಎಲೈಜಾ ಮೆಕಾಯ್ 1872ರಲ್ಲಿ ಉಗಿ ಎಂಜಿನ್‌ಗಳಿಗೆ ಅಂಥ ಸ್ವಯಂಚಾಲಿತ ಸಾಧನವೊಂದರ ಪೇಟೆಂಟ್ ಪಡೆದ. ಆದರೆ ಎಣ್ಣೆ ಅಷ್ಟು ಭಾರವನ್ನು ಹೇಗೆ ತಡೆಯುತ್ತದೆ ಎಂಬುದು ಯಾರಿಗೂ ಸ್ಪಷ್ಟವಿರಲಿಲ್ಲ.

ಇದನ್ನು ತಿಳಿಯಲು ಲಂಡನ್ನಿನ ಯಂತ್ರ ಎಂಜಿನಿಯರುಗಳ ಸಂಸ್ಥೆಯು ಬೋಚಾಂಪ್ ಟವರ್ ಎಂಬ ಎಂಜಿನಿಯರನಿಗೆ ಪ್ರಯೋಗಗಳ ಹೊಣೆ ವಹಿಸಿತು. ಆತನ ಮೊದಲ ವರದಿ 1883ರಲ್ಲಿ ಪ್ರಕಟವಾಯಿತು. ತಿರುಗುವ ಅಚ್ಚಿನ ಮೇಲೆ ಕೂತ ಬೇರಿಂಗಿನ ನೆತ್ತಿಯಲ್ಲಿ ಎಣ್ಣೆ ಹಾಕಲೆಂದು ಟವರ್ ಒಂದು ತೂತು ಕೊರೆದ. ಅಚ್ಚು ತಿರುಗಿದಾಗ ಆ ತೂತಿನಿಂದ ಎಣ್ಣೆ ಒಳಗೆ ಹೋಗುವ ಬದಲು ಮೇಲಕ್ಕೆ ಉಕ್ಕಿ ಸೋರಿತು. ತೂತಿಗೆ ಬಿರಡೆ ಜಡಿದರು. ಬಿರಡೆ ಮೆಲ್ಲಗೆ ಕಿತ್ತು ಬಂತು! ಆಗ ಅಲ್ಲಿಗೆ ಒತ್ತಡಮಾಪಕ ಜೋಡಿಸಿ ನೋಡಿದರು. ಬೇರಿಂಗಿನ ಮೇಲಿದ್ದ ಸರಾಸರಿ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 7 ಕಿಲೋಗ್ರಾಂ. ಮಾಪಕದ ಮುಳ್ಳು ಅದರ ಎರಡರಷ್ಟನ್ನೂ ಮೀರಿ ಮಾಪಕದ ಮಿತಿಯನ್ನೇ ದಾಟಿತು.

ಇದರ ಅರ್ಥವೇನು? ಅಚ್ಚು ಲೋಹದ ಮೇಲೆ ಕೂತಿರಲಿಲ್ಲ. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಕಿರಿದಾದ ಸಂದಿಗೆ ಎಳೆದುಕೊಂಡು, ಅಲ್ಲಿ ಹುಟ್ಟಿದ ಒತ್ತಡದ ಮೇಲೆ ತೇಲುತ್ತಿತ್ತು. 1886ರಲ್ಲಿ ಆಸ್‌ಬೋರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತದ ವಿವರಣೆ ನೀಡಿದ. ಕೀಲೆಣ್ಣೆಯ ವಿಜ್ಞಾನಕ್ಕೆ ಅದು ಅಡಿಪಾಯವಾಯಿತು. ಪಿಕಪ್‌ನ ಕ್ರ್ಯಾಂಕ್ ದಂಡ ಇಂದು ತಿರುಗುವುದೂ ಇಂಥದೇ ತೆಳು ಪದರದ ಮೇಲೆ. ಎಣ್ಣೆ ಬರಿದಾದರೆ ಆ ಪದರ ಹರಿಯುತ್ತದೆ, ಲೋಹಕ್ಕೆ ಲೋಹ ತಗುಲುತ್ತದೆ, ಎಂಜಿನ್ ಜಾಮ್ ಆಗುತ್ತದೆ.

ಎಣ್ಣೆ ಬಿಸಿಯಾದಾಗ

1890ರಲ್ಲಿ ಇಂಗ್ಲೆಂಡಿನ ಬೆಲ್ಲಿಸ್ ಮತ್ತು ಮಾರ್ಕಮ್ ಕಾರ್ಖಾನೆಯ ಆಲ್ಬರ್ಟ್ ಪೇನ್, ಪಂಪಿನಿಂದ ಒತ್ತಡ ಕೊಟ್ಟು ಬೇರಿಂಗುಗಳಿಗೆ ಎಣ್ಣೆ ತಲುಪಿಸುವ ಕ್ರಮವನ್ನು ಉಗಿ ಎಂಜಿನ್‌ಗೆ ಅಳವಡಿಸಿದ. ಎಣ್ಣೆ ಕೆಳಗಿನ ತಟ್ಟೆಗೆ ಬಿದ್ದು, ಪಂಪಿನ ಮೂಲಕ ಮತ್ತೆ ಮೇಲೇರುತ್ತಿತ್ತು. ಮೋಟಾರು ವಾಹನಗಳೂ ಕ್ರಮೇಣ ಈ ದಾರಿ ಹಿಡಿದವು. ಎಣ್ಣೆಯ ಉಳಿತಾಯವೇನೋ ಆಯಿತು. ಆದರೆ ಒಂದೇ ಎಣ್ಣೆ ಮತ್ತೆ ಮತ್ತೆ ಸುತ್ತುವಾಗ ಶಾಖವನ್ನೂ ಹೊತ್ತು ಸುತ್ತುತ್ತದೆ.

ಬೀದರ್ ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಸಂಸ್ಥಾನದ ರೈಲ್ವೆಯು 1932ರಲ್ಲಿ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಆರಂಭಿಸಿತು. ಆ ಕಾಲದ ಸಾಧಾರಣ ಎಂಜಿನ್‌ಗಳಿಗೆ ಎಣ್ಣೆ ತಟ್ಟೆಯ ಹೊರಮೈಗೆ ಬೀಸುವ ಗಾಳಿಯೇ ಸಾಕಾಗುತ್ತಿತ್ತು. ಈಗಿನ ಟರ್ಬೊ ಡೀಸೆಲ್ ಎಂಜಿನ್ ಹಾಗಲ್ಲ. ಅದರಲ್ಲಿ ಎಣ್ಣೆ ಟರ್ಬೊ ಬೇರಿಂಗನ್ನು ತಣಿಸಬೇಕು, ಹಲವು ಎಂಜಿನ್‌ಗಳಲ್ಲಿ ಪಿಸ್ಟನ್ನಿನ ತಳಕ್ಕೂ ಚಿಮ್ಮಬೇಕು. ಆದ್ದರಿಂದ ಎಣ್ಣೆಗೆ ಪ್ರತ್ಯೇಕ ತಣಿಸುವ ಸಾಧನ, ಎಂದರೆ ಆಯಿಲ್ ಕೂಲರ್, ಬೇಕಾಯಿತು.

ತಣಿಸುವುದು ಏಕೆ ಮುಖ್ಯ? ಸ್ವೀಡನ್ನಿನ ಅರ‍್ಹೇನಿಯಸ್ 1889ರಲ್ಲಿ ಉಷ್ಣತೆಗೂ ರಾಸಾಯನಿಕ ಕ್ರಿಯೆಯ ವೇಗಕ್ಕೂ ಇರುವ ಸಂಬಂಧವನ್ನು ವಿವರಿಸಿದ. ಅದರಿಂದ ಎಂಜಿನಿಯರುಗಳು ಒಂದು ಸರಳ ಅಂದಾಜು ಮಾಡಿಕೊಂಡಿದ್ದಾರೆ: ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದಂತೆಲ್ಲ ಎಣ್ಣೆಯ ಉತ್ಕರ್ಷಣ ಸುಮಾರು ಇಮ್ಮಡಿಯಾಗುತ್ತದೆ. 100 ಡಿಗ್ರಿಯಲ್ಲಿರಬೇಕಾದ ಎಣ್ಣೆ 130 ಡಿಗ್ರಿಗೆ ಏರಿದರೆ ಅದು ಸುಮಾರು ಎಂಟು ಪಟ್ಟು ಬೇಗ ಕೆಡುತ್ತದೆ. ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿ ದಾಟುವ ಬೀದರ್ ಸೀಮೆಯಲ್ಲಿ, ತುಂಬಿದ ಭಾರದೊಂದಿಗೆ ಓಡುವ ವಾಹನಕ್ಕೆ ಇದು ಸಣ್ಣ ಮಾತಲ್ಲ.

ಕೂಲರ್‌ಗಳಲ್ಲಿ ಎರಡು ಬಗೆ. ಕೆಲವು ಎಂಜಿನ್‌ಗೇ ಅಂಟಿಕೊಂಡು ರೇಡಿಯೇಟರ್ ನೀರಿನಿಂದ ತಣಿಯುತ್ತವೆ. ಇವಕ್ಕೆ ಉದ್ದ ಕೊಳವೆ ಬೇಡ. ಇನ್ನು ಕೆಲವು ಮುಂಭಾಗದಲ್ಲಿ ನಿಂತು ಗಾಳಿಯಿಂದ ತಣಿಯುತ್ತವೆ. ನಮ್ಮ ಕಥೆಯ ಕೊಳವೆಗಳು ಇರುವುದು ಇವುಗಳಲ್ಲಿ.

ಲೋಹ, ರಬ್ಬರು ಮತ್ತು ಎಣ್ಣೆ

ಎಂಜಿನ್ ಸದಾ ನಡುಗುತ್ತದೆ, ಕೂಲರ್ ಚಾಸಿಸ್‌ಗೆ ಬಿಗಿದಿರುತ್ತದೆ. ಎರಡರ ನಡುವೆ ಬರೀ ಲೋಹದ ನಳಿಗೆ ಇಟ್ಟರೆ ಅದು ದಣಿದು ಬಿರಿಯುತ್ತದೆ. ಹಾಗಾಗಿ ನಡುವೆ ರಬ್ಬರಿನ ತುಂಡು ಬೇಕು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕದೊಡನೆ ಕಾಯಿಸಿ ರಬ್ಬರನ್ನು ಗಟ್ಟಿಗೊಳಿಸುವ ವಲ್ಕನೀಕರಣವನ್ನು ಕಂಡುಕೊಂಡಿದ್ದ. ಆದರೆ ಸಹಜ ರಬ್ಬರು ಖನಿಜ ಎಣ್ಣೆಯನ್ನು ಹೀರಿ ಉಬ್ಬಿ ಮೆತ್ತಗಾಗುತ್ತದೆ. ಸಮಾನ ಗುಣದ ಅಣುಗಳು ಒಂದರಲ್ಲೊಂದು ಬೆರೆಯುತ್ತವೆ ಎಂಬ ನಿಯಮ ಇಲ್ಲಿ ಕೆಲಸ ಮಾಡುತ್ತದೆ. ಎರಡೂ ಹೈಡ್ರೊಕಾರ್ಬನ್‌ಗಳೇ ಅಲ್ಲವೇ?

ಪರಿಹಾರ ಬಂದದ್ದು 1930ರ ದಶಕದಲ್ಲಿ. ಅಮೆರಿಕದಲ್ಲಿ ನಿಯೋಪ್ರೀನ್, ಜರ್ಮನಿಯಲ್ಲಿ ನೈಟ್ರೈಲ್ ರಬ್ಬರ್ ತಯಾರಾದವು. ನೈಟ್ರೈಲ್‌ನ ಅಣುಗಳಲ್ಲಿ ಧ್ರುವೀಯ ಗುಂಪುಗಳು ಇರುವುದರಿಂದ ಎಣ್ಣೆ ಅದರೊಳಗೆ ಸುಲಭವಾಗಿ ನುಸುಳದು. ಅದೇ ದಶಕದಲ್ಲಿ ಡೆನ್ಮಾರ್ಕ್ ಮೂಲದ ನೀಲ್ಸ್ ಕ್ರಿಸ್ಟೆನ್‌ಸೆನ್ ಓ-ರಿಂಗ್ ರೂಪಿಸಿ 1939ರಲ್ಲಿ ಅಮೆರಿಕದ ಪೇಟೆಂಟ್ ಪಡೆದ. ಗಾಡಿಯಲ್ಲಿ ಕುಳಿತ ಈ ಪುಟ್ಟ ಉಂಗುರವನ್ನು ಎಣ್ಣೆಯ ಒತ್ತಡವೇ ಒತ್ತಿ ಸಂದಿಯನ್ನು ಮುಚ್ಚಿಸುತ್ತದೆ. ಆದರೆ ಅದು ಸ್ಥಿತಿಸ್ಥಾಪಕ ಗುಣ ಉಳಿಸಿಕೊಂಡಿದ್ದರೆ ಮಾತ್ರ. 1986ರ ಜನವರಿ 28ರಂದು ಚಾಲೆಂಜರ್ ಗಗನನೌಕೆ ಸಿಡಿದು ಏಳು ಮಂದಿ ಸತ್ತದ್ದಕ್ಕೆ ಚಳಿಯಲ್ಲಿ ಪೆಡಸಾದ ಓ-ರಿಂಗ್ ಕಾರಣವಾಗಿತ್ತು. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಮಂಜಿನ ನೀರಿನ ಲೋಟದಲ್ಲಿ ಆ ರಬ್ಬರನ್ನು ಅದ್ದಿ ಇದನ್ನು ಎಲ್ಲರೆದುರು ತೋರಿಸಿದರು. ಬೀದರ್‌ನಲ್ಲಿ ರಬ್ಬರಿನ ಶತ್ರು ಚಳಿಯಲ್ಲ, ಶಾಖ. ವರ್ಷಗಟ್ಟಲೆ ಬಿಸಿ ಎಣ್ಣೆಯಲ್ಲಿದ್ದ ರಬ್ಬರು ಗಟ್ಟಿಯಾಗಿ ಬಿರುಕು ಬಿಡುತ್ತದೆ. ಲೋಹದ ಬಳೆಯನ್ನು ಹಿಸುಕಿ ರಬ್ಬರನ್ನು ನಳಿಗೆಗೆ ಬಿಗಿದಿರುವ ಕ್ರಿಂಪ್ ಜಾಗದಲ್ಲಿ ಹೆಚ್ಚಾಗಿ ಮೊದಲ ಹನಿ ಕಾಣುತ್ತದೆ.

ಹನಿಯ ಲೆಕ್ಕ

ಒಂದು ಹನಿಯಿಂದ ಏನಾದೀತು? ಸುಮಾರು 20 ಹನಿಗೆ 1 ಮಿಲಿಲೀಟರ್ ಎಂದಿಟ್ಟುಕೊಳ್ಳೋಣ. ಐದು ಸೆಕೆಂಡಿಗೆ ಒಂದು ಹನಿಯಂತೆ ಗಂಟೆಗೆ 720 ಹನಿ, ಎಂದರೆ 36 ಮಿಲಿಲೀಟರ್. 28 ಗಂಟೆಗಳ ಓಟದಲ್ಲಿ ಒಂದು ಲೀಟರ್ ಹೋಯಿತು. ಅಳತೆ ಕಡ್ಡಿಯ ಮೇಲಿನ ಮತ್ತು ಕೆಳಗಿನ ಗುರುತುಗಳ ಅಂತರ ಸಾಮಾನ್ಯವಾಗಿ ಇದರ ಆಸುಪಾಸಿನಲ್ಲೇ ಇರುತ್ತದೆ.

ಹನಿ ಹೀಗೇ ಇರುವುದೂ ಇಲ್ಲ. ರಕ್ತದ ಹರಿವನ್ನು ಅರಿಯಲು ಹೊರಟ ಫ್ರಾನ್ಸಿನ ವೈದ್ಯ ಪ್ವಾಸೇಯ್ 1840ರ ಹೊತ್ತಿಗೆ ಕಂಡುಕೊಂಡಂತೆ, ಕಿರಿದಾದ ನಳಿಗೆಯ ವ್ಯಾಸ ಎರಡರಷ್ಟಾದರೆ ಹರಿವು 16 ಪಟ್ಟು ಆಗುತ್ತದೆ. ಸ್ನಿಗ್ಧತೆ ಕಡಿಮೆಯಾದರೂ ಹರಿವು ಹೆಚ್ಚುತ್ತದೆ. 40 ಡಿಗ್ರಿಯಲ್ಲಿರುವುದಕ್ಕಿಂತ 100 ಡಿಗ್ರಿಯಲ್ಲಿ ಡೀಸೆಲ್ ಎಂಜಿನ್ ಎಣ್ಣೆ ಸುಮಾರು ಏಳು ಪಟ್ಟು ತೆಳು. ಅಂಗಳದಲ್ಲಿ ನಿಂತಾಗ ಒಂದೆರಡು ಹನಿ ತೋರುವ ಕೊಳವೆ ದಾರಿಯಲ್ಲಿ ಹೆಚ್ಚು ಸೋರುತ್ತಿರುತ್ತದೆ. ಕೊಳವೆ ಪೂರ್ತಿ ಕಿತ್ತರಂತೂ ನಿಮಿಷಕ್ಕೆ ಹತ್ತಾರು ಲೀಟರ್ ಹರಿಸುವ ಪಂಪು ತಟ್ಟೆಯನ್ನು ಬಹುಬೇಗ ಬರಿದು ಮಾಡುತ್ತದೆ.

ಅಂಗಳದಲ್ಲಿ ಬದಲಿಸುವಾಗ

ಈ ಇತಿಹಾಸ ಗೊತ್ತಿದ್ದರೆ ಬದಲಿಸುವ ಕ್ರಮದ ಕಾರಣಗಳು ತಾವಾಗಿ ತಿಳಿಯುತ್ತವೆ. ಎಂಜಿನ್ ತಣ್ಣಗಾಗಿರಬೇಕು. ಬಿಸಿ ಎಣ್ಣೆ ಚರ್ಮ ಸುಡುತ್ತದೆ. ವಾಹನ ಸಮತಟ್ಟಾದ ಗಟ್ಟಿ ನೆಲದಲ್ಲಿರಬೇಕು. ಬರೀ ಜಾಕ್ ನಂಬಿ ಯಾರೂ ಕೆಳಗೆ ನುಸುಳಬಾರದು, ಭದ್ರವಾದ ಸ್ಟ್ಯಾಂಡ್ ಬೇಕೇ ಬೇಕು. ಕೊಳವೆಯ ಎರಡೂ ತುದಿ ಒರೆಸಿ, ಸೋರಿಕೆ ನಿಜಕ್ಕೂ ಅಲ್ಲಿಂದಲೇ ಎಂದು ಖಚಿತಪಡಿಸಿಕೊಳ್ಳಬೇಕು. ಮೇಲಿನ ಗ್ಯಾಸ್ಕೆಟ್ಟಿನಿಂದ ಇಳಿದ ಎಣ್ಣೆಯೂ ಕೊಳವೆಯ ಮೇಲೆ ಹರಿಯಬಹುದು.

ಕ್ರಿಂಪ್ ಸೋರಿದಾಗ ರಬ್ಬರನ್ನು ಕತ್ತರಿಸಿ ಸಾಧಾರಣ ನೀರಿನ ಪೈಪು ತೊಡಿಸಿ ಕ್ಲಿಪ್ ಬಿಗಿಯುವುದು ಅಪಾಯಕರ. ಆ ಪೈಪು ಎಣ್ಣೆಗೂ ಶಾಖಕ್ಕೂ ಒತ್ತಡಕ್ಕೂ ತಯಾರಾದುದಲ್ಲ. ಜಾರಿದರೆ ಎಣ್ಣೆ ಬಿಸಿ ಹೊಗೆಕೊಳವೆಯ ಮೇಲೆ ಚಿಮ್ಮಿ ಬೆಂಕಿ ಹತ್ತಬಹುದು. ಆ ಮಾದರಿಗೆಂದೇ ಮಾಡಿದ ಜೋಡಿ ಕೊಳವೆ ತಂದು, ಹಳೆಯದರ ಪಕ್ಕದಲ್ಲಿಟ್ಟು ಉದ್ದ ಮತ್ತು ಬಾಗುಗಳನ್ನು ಹೋಲಿಸಬೇಕು. ಓ-ರಿಂಗ್ ಅಥವಾ ವಾಷರ್ ಹೊಸದೇ ಆಗಿರಲಿ. ಓ-ರಿಂಗಿಗೆ ಶುದ್ಧ ಎಂಜಿನ್ ಎಣ್ಣೆ ಸವರಿದರೆ ಅದು ತಿರುಚಿಕೊಳ್ಳದೆ ಕೂರುತ್ತದೆ. ಮರೆ ಮೊದಲು ಕೈಯಿಂದಲೇ ತಿರುಗಬೇಕು. ನಂತರ ವಾಹನದ ಕೈಪಿಡಿ ಹೇಳಿದಷ್ಟೇ ಬಿಗಿ ಮಾಡಬೇಕು. ಕೊಳವೆ ಬೆಲ್ಟಿಗಾಗಲಿ ಫ್ಯಾನಿಗಾಗಲಿ ತಗುಲಬಾರದು. ಎಣ್ಣೆ ಭರ್ತಿ ಮಾಡಿ, ಎಂಜಿನನ್ನು ನಿಧಾನ ವೇಗದಲ್ಲಿ ಓಡಿಸಿ, ಎಣ್ಣೆ ಒತ್ತಡದ ದೀಪ ಆರಿತೇ ಎಂದು ನೋಡಬೇಕು. ಆಮೇಲೆ ನಿಲ್ಲಿಸಿ ಮಟ್ಟವನ್ನೂ ಕೂಡಿಕೆಗಳನ್ನೂ ಮತ್ತೊಮ್ಮೆ ಪರೀಕ್ಷಿಸಬೇಕು.

ಎಣ್ಣೆ ಎಲ್ಲಿಗೆ ಹೋಗುತ್ತದೆ?

ಕೊಳವೆ ಬಿಚ್ಚಿದಾಗ ಸುರಿಯುವ ಕಪ್ಪು ಎಣ್ಣೆಯನ್ನು ಹಿಡಿಯಲು ಕೆಳಗೆ ಅಗಲವಾದ ತಟ್ಟೆ ಇಡಬೇಕು. ಬೀದರ್‌ನಲ್ಲಿ ಇದಕ್ಕೆ ವಿಶೇಷ ಕಾರಣವಿದೆ. ನಗರ ನಿಂತಿರುವುದು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ಆ ಕಲ್ಲು ರಂಧ್ರಮಯ. ಮಳೆನೀರು ಅದರಲ್ಲಿ ಇಳಿದು ಕೆಳಗಿನ, ನೀರು ಸುಲಭವಾಗಿ ಇಳಿಯದ ಪದರದ ಮೇಲೆ ನಿಲ್ಲುತ್ತದೆ. ಬಹಮನಿ ಸುಲ್ತಾನರ ಕಾಲದಲ್ಲಿ, 15ನೇ ಶತಮಾನದಲ್ಲಿ, ಪರ್ಷಿಯದ ತಂತ್ರ ಬಳಸಿ ಈ ನೀರನ್ನು ನೆಲದಡಿಯ ಸುರಂಗಗಳಿಂದ ಹೊರತಂದರು. ಅವೇ ಕರೇಜ್‌ಗಳು. ನೌಬಾದಿನ ಕರೇಜ್ ಸುಮಾರು 3 ಕಿಲೋಮೀಟರ್ ಉದ್ದವಿದ್ದು, ಅದಕ್ಕೆ 21 ಬಾಯಿಗಳಿವೆ. ಬಂಡೆಯೊಳಗೆ ಜಿನುಗುವ ನೀರೇ ಅದರ ಜೀವಾಳ. ಎಣ್ಣೆ ಕೊಳವೆಗೆ ಸೋರಿಕೆ ಶತ್ರುವಾದರೆ, ಕರೇಜ್‌ಗೆ ಸೋರಿಕೆಯೇ ಆಧಾರ!

ನೀರಿಗೆ ದಾರಿ ಬಿಟ್ಟ ರಂಧ್ರಗಳು ಎಣ್ಣೆಗೂ ದಾರಿ ಬಿಡುತ್ತವೆ. ಭಾಲ್ಕಿ, ಔರಾದ್ ಕಡೆಯ ಕಪ್ಪು ಎರೆ ಮಣ್ಣು ಬೇಸಿಗೆಯಲ್ಲಿ ಆಳವಾಗಿ ಬಿರಿಯುತ್ತದೆ. ಅಲ್ಲಿಯೂ ಇದೇ ಭಯ. ಬಳಸಿದ ಎಣ್ಣೆಯಲ್ಲಿ ಸವೆದ ಲೋಹದ ಕಣಗಳೂ ಅರೆಬೆಂದ ಇಂಧನದ ಅಂಶಗಳೂ ಇರುತ್ತವೆ. ಬಾವಿಗೆ ಸೇರಿದರೆ ತೆಗೆಯುವುದು ಬಹಳ ಕಷ್ಟ. 2016ರ ನಿಯಮಗಳಂತೆ ಇದು ಅಪಾಯಕಾರಿ ತ್ಯಾಜ್ಯ. 2024ರ ಏಪ್ರಿಲ್ 1ರಿಂದ ಬಳಸಿದ ಎಣ್ಣೆಯ ಮರುಬಳಕೆಗೆ ಎಣ್ಣೆ ತಯಾರಕರನ್ನೂ ಹೊಣೆ ಮಾಡಲಾಗಿದೆ. ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿಟ್ಟು, ಅಧಿಕೃತವಾಗಿ ಸಂಗ್ರಹಿಸುವವರಿಗೆ ತಲುಪಿಸುವ ಸರ್ವಿಸ್ ಕೇಂದ್ರಕ್ಕೆ ಕೊಡುವುದು ಸರಿಯಾದ ದಾರಿ. ಚರಂಡಿಗೆ ಸುರಿಯುವುದಾಗಲಿ ಒಲೆಗೆ ಹಾಕುವುದಾಗಲಿ ಸಲ್ಲದು.

ಶಿಕ್ಷಕರು ಈ ವಿಷಯವನ್ನು ತರಗತಿಯಲ್ಲಿ ಸುಲಭವಾಗಿ ತೋರಿಸಬಹುದು. ಒಂದೇ ಅಳತೆಯ ಹಳೆಯ ಸೈಕಲ್ ಟ್ಯೂಬಿನ ಎರಡು ಚೂರುಗಳನ್ನು ತೆಗೆದುಕೊಳ್ಳಿ. ಒಂದನ್ನು ನೀರಿನಲ್ಲಿ, ಇನ್ನೊಂದನ್ನು ಹೊಸ ಎಂಜಿನ್ ಎಣ್ಣೆಯಲ್ಲಿ ಒಂದು ವಾರ ಮುಳುಗಿಸಿಡಿ. ಒರೆಸಿ, ಅಳೆದು, ಎಳೆದು ನೋಡಲು ವಿದ್ಯಾರ್ಥಿಗಳಿಗೆ ಹೇಳಿ. ಟ್ಯೂಬಿನ ರಬ್ಬರಿನ ಬಗೆಯಂತೆ ಫಲಿತಾಂಶ ಬದಲಾಗುತ್ತದೆ. ಕಾರಣವನ್ನು ಅವರೇ ಚರ್ಚಿಸಲಿ. ಬಳಸಿದ ಎಣ್ಣೆಯನ್ನು ಡಬ್ಬಿಗೆ ಹಿಂದಿರುಗಿಸುವುದೂ ಆ ಪ್ರಯೋಗದ ಭಾಗವಾಗಿರಲಿ.