ಮರದ ಒಡೆತನ: ಕನ್ನಡ ನಾಡಿನ ವೃಕ್ಷ ಕಾನೂನಿನ ಹಿನ್ನೆಲೆ

ಕರ್ನಾಟಕದಲ್ಲಿ ಒಂದು ಮರಕ್ಕೆ ಕಾನೂನಿನ ರಕ್ಷಣೆ ಇದೆಯೇ ಎಂದು ತಿಳಿಯಬೇಕಾದವರು ಅದರ ಜಾತಿಯನ್ನು ಗುರುತಿಸಿದರಷ್ಟೇ ಸಾಲದು. ಅದು ನಿಂತಿರುವ ನೆಲದ ಪಹಣಿಯನ್ನು, ಅಂದರೆ ಜಮೀನಿನ ಒಡೆತನ, ಬಗೆ ಮತ್ತು ಬೆಳೆಯ ವಿವರವಿರುವ ಕಂದಾಯ ದಾಖಲೆಯನ್ನು, ಮೊದಲು ನೋಡಬೇಕಾಗುತ್ತದೆ. ಈ ನಾಡಿನ ವೃಕ್ಷ ಕಾನೂನು ನೆರಳು, ನೀರುಗಳ ಚಿಂತೆಯಿಂದ ಹುಟ್ಟಿದ್ದಲ್ಲ, ಬೊಕ್ಕಸದ ಲೆಕ್ಕದಿಂದ ಹುಟ್ಟಿದ್ದು ಎಂಬುದೇ ಇದಕ್ಕೆ ಕಾರಣ.

ಟಿಪ್ಪು ಸುಲ್ತಾನನು 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನೆಂಬುದು ಪ್ರಸಿದ್ಧ. ರಾಜವೃಕ್ಷವೆಂದರೆ ಯಾರ ಹೊಲದಲ್ಲಿ ಬೆಳೆದರೂ ಅರಸನಿಗೇ ಸೇರುವ ಮರ. ಮೂರನೆಯ ಮೈಸೂರು ಯುದ್ಧದ ಸೋಲಿನಿಂದ ಅರ್ಧ ರಾಜ್ಯವನ್ನೂ ಅಪಾರ ಹಣವನ್ನೂ ತೆರಬೇಕಾಗಿ ಬಂದ ವರ್ಷವೂ ಅದೇ ಎಂಬುದನ್ನು ಗಮನಿಸಿದರೆ ಘೋಷಣೆಯ ಹಿಂದಿದ್ದ ಒತ್ತಡವನ್ನು ಊಹಿಸುವುದು ಕಷ್ಟವಲ್ಲ. ಇಂಥ ಹಕ್ಕು ಮೈಸೂರಿಗಷ್ಟೇ ಸೀಮಿತವಾಗಿರಲಿಲ್ಲ. ಹಡಗು ಕಟ್ಟಲು ತೇಗ ಬೇಕಾಗಿದ್ದ ಈಸ್ಟ್ ಇಂಡಿಯಾ ಕಂಪನಿಯು 1806ರಲ್ಲಿ ಮಲಬಾರಿಗೆ ಕ್ಯಾಪ್ಟನ್ ವಾಟ್ಸನ್‌ನನ್ನು ಅರಣ್ಯ ಸಂರಕ್ಷಕನನ್ನಾಗಿ ನೇಮಿಸಿ ತೇಗದ ಮೇಲೆ ಪ್ರಭುತ್ವದ ಹಕ್ಕನ್ನು ಹೂಡಿತು. ಜನರ ಅಸಮಾಧಾನ ಬೆಳೆದಾಗ 1823ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಆ ಹುದ್ದೆಯನ್ನೇ ತೆಗೆದುಹಾಕಿದನು.

ಮೈಸೂರಿನಲ್ಲಿ ಅರಸರೂ ಆಡಳಿತಗಾರರೂ ಬದಲಾದರೂ ಗಂಧದ ಮೇಲಿನ ಹಕ್ಕು ಬದಲಾಗಲಿಲ್ಲ. 1864ರಲ್ಲಿ ಸ್ಥಾಪಿತವಾದ ಅರಣ್ಯ ಇಲಾಖೆ ಅದನ್ನು ಮುಂದುವರಿಸಿತು. ಮೊದಲ ಮಹಾಯುದ್ಧದಿಂದ ಜರ್ಮನಿಗೆ ಗಂಧದ ರಫ್ತು ನಿಂತುಹೋದಾಗ ಎಣ್ಣೆಯನ್ನು ಇಲ್ಲಿಯೇ ಬಟ್ಟಿ ಇಳಿಸುವ ಸರ್ಕಾರಿ ಕಾರ್ಖಾನೆಗಳು ಹುಟ್ಟಿಕೊಂಡು, ಆ ಹಕ್ಕಿನ ಬೆಲೆ ಇನ್ನಷ್ಟು ಏರಿತು. ಆದರೆ ಗಂಧದ ಸ್ವಭಾವವೇ ಈ ಏರ್ಪಾಟಿಗೆ ಒಗ್ಗುವಂಥದ್ದಲ್ಲ. ಹಕ್ಕಿಗಳು ತಿಂದು ಹಾಕಿದ ಬೀಜದಿಂದ ಅದು ಬೇಲಿಯ ಸಾಲಿನಲ್ಲಿ ತಾನಾಗಿಯೇ ಮೊಳೆಯುತ್ತದೆ, ನೆರೆಯ ಗಿಡಗಳ ಬೇರಿನಿಂದ ಪೋಷಣೆಯ ಒಂದು ಪಾಲನ್ನು ಹೀರಿ ಬೆಳೆಯುತ್ತದೆ. ಆದ್ದರಿಂದ ನೆಡದವನ ಹೊಲಕ್ಕೂ ಸರ್ಕಾರದ ಸ್ವತ್ತು ಕಾಲಿಡುತ್ತಿತ್ತು, ಮರ ಕಳುವಾದರೆ ಅನುಮಾನ ಮಾತ್ರ ಅವನ ಮೇಲೆಯೇ ಬೀಳುತ್ತಿತ್ತು. ಸಸಿಯನ್ನು ಎಳೆಯದರಲ್ಲೇ ಕಿತ್ತೆಸೆಯುವುದು ರೈತನಿಗೆ ಕ್ಷೇಮದ ದಾರಿಯಾದದ್ದರಲ್ಲಿ ಆಶ್ಚರ್ಯವಿಲ್ಲ. ಕಠಿಣ ರಕ್ಷಣೆಯೇ ಮರದ ಬೇಲಿವಾಸಕ್ಕೆ ಶತ್ರುವಾಯಿತೆಂದು ಹೇಳಿದರೆ ಅತಿಶಯೋಕ್ತಿಯಾಗದು. ಗಂಧವು ಜಮೀನಿನ ಹಿಡುವಳಿದಾರನದೇ ಎಂದು ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂದದ್ದು 2001ರಲ್ಲಿ, ಅಂದರೆ ಟಿಪ್ಪುವಿನ ಘೋಷಣೆಯಾಗಿ ಇನ್ನೂರು ವರ್ಷ ಕಳೆದ ಮೇಲೆ. ಆಗಲೂ ಒಡೆಯನು ಅದನ್ನು ಕಡಿಯಲು ಮತ್ತು ಮಾರಲು ನಿರ್ಬಂಧಗಳು ಉಳಿದುಕೊಂಡವು.

ನೆಲ ಒಬ್ಬರದು, ಮರ ಮತ್ತೊಬ್ಬರದು ಎಂಬ ಏರ್ಪಾಟು ಕೊಡಗಿನಲ್ಲಿ ಇನ್ನೂ ಜಟಿಲ. ಅಲ್ಲಿ ಗದ್ದೆಗೆ ಅಂಟಿಕೊಂಡಂತೆ ಸೊಪ್ಪು, ಸೌದೆ ಮತ್ತು ಮೇವಿಗೆಂದು ಬಿಟ್ಟ ಕಾಡುಭೂಮಿಗೆ ಬಾಣೆ ಎನ್ನುತ್ತಾರೆ. 1899ರ ಕೊಡಗು ಭೂಕಂದಾಯ ನಿಯಮಾವಳಿಯ ಕಾಲದಿಂದ ನಡೆದುಬಂದ ಪದ್ಧತಿಯಂತೆ, ಬಾಣೆಯ ಹಿಡುವಳಿದಾರನು ಮನೆಯ ಮತ್ತು ಬೇಸಾಯದ ಬಳಕೆಗೆ ಮರವನ್ನು ಉಪಯೋಗಿಸಬಹುದಾದರೂ, ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟದೆ ಅದನ್ನು ಮಾರುವಂತಿಲ್ಲ. ಬೆಲೆ ಕಟ್ಟಿದ ಜಮೀನನ್ನು ರಿಡೀಮ್ಡ್ ಎಂದೂ ಕಟ್ಟದ್ದನ್ನು ಅನ್‌ರಿಡೀಮ್ಡ್ ಎಂದೂ ಕರೆಯುವ ವಾಡಿಕೆಯಿದ್ದು, ಅಕ್ಕಪಕ್ಕದ ಎರಡು ತೋಟಗಳಲ್ಲಿ ನಿಂತ ಒಂದೇ ಜಾತಿಯ, ಒಂದೇ ವಯಸ್ಸಿನ ಬೀಟೆ ಮರಗಳಿಗೆ ಬೇರೆ ಬೇರೆ ಒಡೆಯರಿರುವುದು ಹೀಗೆಯೇ.

ಮರವನ್ನು ಮರವೆಂಬ ಕಾರಣಕ್ಕೇ ಕಾಯುವ ಕಾನೂನು ಬಂದದ್ದು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯೊಂದಿಗೆ. ಖಾಸಗಿ ನಿವೇಶನದ ಮರವನ್ನು ಕಡಿಯಲೂ ವೃಕ್ಷಾಧಿಕಾರಿಯ, ಅಂದರೆ ಈ ಕೆಲಸಕ್ಕೆ ನೇಮಕಗೊಂಡ ಅರಣ್ಯ ಅಧಿಕಾರಿಯ, ಅನುಮತಿ ಬೇಕೆಂಬುದು ಇದರ ತಿರುಳು. ಸತ್ತ ಮರಕ್ಕೂ ಸಾಮಾನ್ಯವಾಗಿ ಅರ್ಜಿ ಹಾಕಬೇಕು. ಮೀಸಲು ಅರಣ್ಯದ ಮರಕ್ಕೆ ಅರಣ್ಯ ಕಾಯ್ದೆಯೇ ಅನ್ವಯಿಸುತ್ತದೆ. ಇವೆರಡರ ಆಚೆಗೆ, 2002ರ ಜೀವವೈವಿಧ್ಯ ಕಾಯ್ದೆಯಡಿ ದೇವನಹಳ್ಳಿಯ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಅಲ್ಲಿ ರಕ್ಷಣೆ ದೊರೆತದ್ದು ಬಿಡಿ ಮರಕ್ಕಲ್ಲ, ತೋಪಿಗೆ.

1976ರ ಕಾಯ್ದೆಯು ಬೇಸಾಯಗಾರನಿಗೆ ತೊಡಕಾಗದಿರಲೆಂದು ತೆಂಗು, ರಬ್ಬರ್, ನೀಲಗಿರಿ, ಸುಬಾಬುಲ್, ಸಿಲ್ವರ್ ಓಕ್ ಮೊದಲಾದ ಕೆಲವು ಮರಗಳನ್ನು ಅನುಮತಿಯ ಕಟ್ಟಿನಿಂದ ಹೊರಗಿಟ್ಟಿದೆ. ಈ ವಿನಾಯಿತಿಯ ಪರಿಣಾಮವನ್ನು ಕೊಡಗಿನ ಕಾಫಿ ತೋಟಗಳಲ್ಲಿ ಕಾಣಬಹುದು. ಹಲಸು, ಅತ್ತಿ, ಬೀಟೆಗಳ ಹಳೆಯ ನೆರಳು ತೆಳುವಾದ ಕಡೆಗಳಲ್ಲಿ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ನೆಟ್ಟಗೆ ಎದ್ದು ನಿಂತಿದೆ: ಅದು ಬೇಗ ಬೆಳೆಯುತ್ತದೆ, ಕರಿಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಬೇಕೆಂದಾಗ ಕಡಿದು ಮಾರಲು ಬರುತ್ತದೆ, ಹಕ್ಕಿನ ತಕರಾರಿರುವ ನಾಡಮರವನ್ನು ನೆಡಲು ತೋಟಗಾರನಿಗೆ ಅಂಥ ಯಾವ ಉತ್ತೇಜನವೂ ಇರಲಿಲ್ಲ.