ಕಂತು ಕೇಳುವ ದನಿಯೂ ನಮ್ಮ ಕಡೆಯದೇ

"ಮೇಡಂ, ನಿಮ್ಮ ಕಂತು ಡ್ಯೂ ಆಗಿದೆ, ಇವತ್ತು ಎಷ್ಟೊತ್ತಿಗೆ ಕಟ್ತೀರಾ?" ಈ ಫೋನು ನಮ್ಮ ಕಡೆ ಎಷ್ಟೋ ಮನೆಗಳಿಗೆ ಬಂದಿದೆ. ಕೆಲವರು ಬೈದು ಇಟ್ಟಿದ್ದಾರೆ, ಕೆಲವರು ಅತ್ತಿದ್ದಾರೆ. ಆ ಕಡೆ ಮಾತಾಡುತ್ತಿರುವವರು ಯಾರು ಎಂದು ಯೋಚಿಸಿದವರು ಕಡಿಮೆ. ಗುಂಡ್ಲುಪೇಟೆಯಲ್ಲೋ ಚಾಮರಾಜನಗರದಲ್ಲೋ ಡಿಗ್ರಿ ಮುಗಿಸಿ, ಬೆಂಗಳೂರಿನ ಪಿಜಿಯಲ್ಲಿ ಮೂವರ ಜೊತೆ ರೂಮು ಹಂಚಿಕೊಂಡಿರುವ ಹುಡುಗಿ ಅವಳಾಗಿರಬಹುದು.

ಈ ಕೆಲಸ ಹುಟ್ಟಿದ್ದು ನಮಗೋಸ್ಕರ ಅಲ್ಲ. 1990ರ ದಶಕದಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್, ಜಿಇ ಕ್ಯಾಪಿಟಲ್‌ನಂಥ ಹಣಕಾಸು ಕಂಪನಿಗಳು ತಮ್ಮ ಲೆಕ್ಕಪತ್ರ, ಗ್ರಾಹಕರ ಕರೆಗಳ ಕೆಲಸವನ್ನು ದೆಹಲಿ ಸುತ್ತಮುತ್ತಲಿಗೆ ತಂದವು. 2000ದ ಹೊತ್ತಿಗೆ ಬೆಂಗಳೂರಿಗೂ ಬಂತು. ಅಮೆರಿಕದ ಹಗಲು ನಮಗೆ ರಾತ್ರಿ. ಹಾಗಾಗಿ ಕೆಲಸವೂ ರಾತ್ರಿಯೇ, ಅದೂ ಇಂಗ್ಲಿಷಿನಲ್ಲಿ. ಹಳ್ಳಿ ಕಡೆಯ ಹುಡುಗರಿಗೆ ಬಾಗಿಲು ಹೆಚ್ಚೇನೂ ತೆರೆದಿರಲಿಲ್ಲ.

ಆದರೆ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ 25ನೇ ಕಲಂ ಪ್ರಕಾರ ಹೆಂಗಸರನ್ನು ರಾತ್ರಿ ಕೆಲಸಕ್ಕೆ ಹಚ್ಚುವಂತಿರಲಿಲ್ಲ. 2002ರಲ್ಲಿ ಅದಕ್ಕೆ ತಿದ್ದುಪಡಿ ಆಯಿತು. ಐಟಿ ಮತ್ತು ಕಾಲ್ ಸೆಂಟರ್ ಕಂಪನಿಗಳಿಗೆ ಸರ್ಕಾರ ವಿನಾಯಿತಿ ಕೊಡಬಹುದು, ಆದರೆ ವಾಹನ ಮತ್ತು ರಕ್ಷಣೆ ಒದಗಿಸಬೇಕು ಎಂಬುದು ಷರತ್ತು. ಷರತ್ತು ಕಾಗದದಲ್ಲಿ ಚೆನ್ನಾಗಿತ್ತು. 2005ರ ಡಿಸೆಂಬರ್‌ನಲ್ಲಿ ಎಚ್‌ಪಿ ಗ್ಲೋಬಲ್‌ಸಾಫ್ಟ್‌ನ ಉದ್ಯೋಗಿಯೊಬ್ಬಳು ರಾತ್ರಿ ಪಾಳಿಗೆ ಹೊರಟಾಗ, ಕರೆದೊಯ್ಯಲು ಬಂದ ಕ್ಯಾಬ್ ಚಾಲಕನಿಂದಲೇ ಕೊಲೆಯಾದಳು. ಚಾಲಕನಿಗೆ 2010ರಲ್ಲಿ ಶಿಕ್ಷೆ ಆಯಿತು. ರಕ್ಷಣೆಯ ಷರತ್ತು ಮೀರಿದ ಆರೋಪದಲ್ಲಿ ಕಂಪನಿಯ ಆಗಿನ ಮುಖ್ಯಸ್ಥ ಸೋಮ್ ಮಿತ್ತಲ್ ಮೇಲೂ ಕೇಸು ಬಿತ್ತು. ಅದನ್ನು ರದ್ದು ಮಾಡಿ ಎಂದು ಅವರು ಸುಪ್ರೀಂ ಕೋರ್ಟಿಗೆ ಹೋದರು, 2008ರಲ್ಲಿ ಕೋರ್ಟು ಒಪ್ಪಲಿಲ್ಲ. ಕೆಲಸಗಾರ್ತಿಯ ಪ್ರಯಾಣವೂ ಮಾಲೀಕನ ಜವಾಬ್ದಾರಿ ಎಂಬ ಮಾತು ಕಾಲ್ ಸೆಂಟರ್‌ಗಳಿಗೆ ನಾಟಿದ್ದು ಆ ಸಾವಿನ ನಂತರವೇ.

(ನಮ್ಮ ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ಬಂದ್. ಆನೆ, ಜಿಂಕೆಗೆ ಆ ಹೊತ್ತು ಬೇಕು ಎಂದು ಒಪ್ಪಿದ್ದೇವೆ. ಮನುಷ್ಯರ ರಾತ್ರಿ ಬಗ್ಗೆ ಇಷ್ಟು ಗಟ್ಟಿಯಾಗಿ ಯಾರೂ ಮಾತಾಡಿದ್ದಿಲ್ಲ.)

ಆಮೇಲೆ ಸ್ಮಾರ್ಟ್‌ಫೋನ್ ಬಂತು. 2016ರಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಯಿತು. ಗಾಡಿ ಸಾಲ, ಚಿನ್ನದ ಸಾಲ, ಆ್ಯಪ್ ಸಾಲ, ಗುಂಪು ಸಾಲ ಎಲ್ಲವೂ ಊರೊಳಗೆ ಬಂದವು. ಈಗ ಬೇಕಾಗಿದ್ದು ಕನ್ನಡದ ದನಿ. ಇಂಗ್ಲಿಷ್ ಬಾರದೆ ಹೊರಗುಳಿದಿದ್ದ ನಮ್ಮ ಹುಡುಗರಿಗೆ ಅದೇ ಅರ್ಹತೆ ಆಯಿತು.

ಒಳಗಿನ ಕೆಲಸ ಹೀಗಿರುತ್ತದೆ. ನಂಬರ್ ಒತ್ತುವುದು ನೀವಲ್ಲ, ಡಯಲರ್ ಎಂಬ ಸಾಫ್ಟ್‌ವೇರ್. ಒಂದು ಕರೆ ಮುಗಿದರೆ ಮುಂದಿನದು ತಾನಾಗಿ ಕಿವಿಗೆ ಬೀಳುತ್ತದೆ. ನೀರು ಕುಡಿಯಲು ಎದ್ದರೂ ಬ್ರೇಕ್ ಬಟನ್ ಒತ್ತಬೇಕು, ನಿಮಿಷದ ಲೆಕ್ಕ ಟೀಮ್ ಲೀಡರ್ ಸ್ಕ್ರೀನಿನಲ್ಲಿ ಕಾಣುತ್ತದೆ. ಸಾಲಗಾರರನ್ನು ಬಕೆಟ್‌ಗಳಾಗಿ ಹಾಕಿರುತ್ತಾರೆ: 30 ದಿನ ತಡ ಆದವರು ಒಂದು, 60ರವರೆಗೆ ಇನ್ನೊಂದು, 90ರವರೆಗೆ ಮತ್ತೊಂದು. 90 ದಾಟಿದರೆ ಸಾಲ ಎನ್‌ಪಿಎ. ಅದಕ್ಕೇ ತಿಂಗಳ ಕೊನೆಯಲ್ಲಿ ಒತ್ತಡ ಹೆಚ್ಚು. ಎಷ್ಟು ಜನ "ಕಟ್ತೀನಿ" ಅಂದರು, ಅದರಲ್ಲಿ ಎಷ್ಟು ಜನ ಕಟ್ಟಿದರು ಎಂಬುದರ ಮೇಲೆ ಇನ್ಸೆಂಟಿವ್. ಆ ಕಡೆಯವರ ಬೈಗುಳಕ್ಕೆ ಮಾತ್ರ ಯಾವ ಲೆಕ್ಕವೂ ಇಲ್ಲ.

ಸಾಲಗಾರರ ಪರವಾಗಿ ನಿಯಮ ಬಂದಿವೆ. 2022ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್, ಬಾಕಿ ವಸೂಲಿಗೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡಬಾರದು ಎಂದಿತು. ಮೈಕ್ರೋಫೈನಾನ್ಸ್ ಸಾಲಕ್ಕಾದರೆ 9ಕ್ಕೆ ಮೊದಲಿಲ್ಲ, 6ರ ನಂತರ ಇಲ್ಲ. ಬೆದರಿಕೆ ಕೂಡದು. ಇದು ಒಳ್ಳೆಯದೇ. ಆದರೆ ಟಾರ್ಗೆಟ್ ಎಷ್ಟಿರಬೇಕು ಎಂದು ಆ ನಿಯಮ ಹೇಳುವುದಿಲ್ಲ. ಗಂಟೆ ಕಡಿಮೆಯಾಗಿ ಟಾರ್ಗೆಟ್ ಅಷ್ಟೇ ಉಳಿದರೆ ಒತ್ತಡ ಎಲ್ಲಿಗೆ ಹೋಗುತ್ತದೆ? ದನಿ ಏರುತ್ತದೆ.

2025ರ ಜನವರಿಯಲ್ಲಿ ಅದರ ಕೊನೆಯ ತುದಿ ಕಂಡದ್ದು ನಮ್ಮ ಜಿಲ್ಲೆಯಲ್ಲೇ. ಮೈಕ್ರೋಫೈನಾನ್ಸ್ ವಸೂಲಿ ಕಾಟ ತಾಳದೆ ಚಾಮರಾಜನಗರದ ಹಳ್ಳಿಗಳಲ್ಲಿ ಕುಟುಂಬಗಳು ಮನೆಗೆ ಬೀಗ ಹಾಕಿ ಹೋದ ಸುದ್ದಿ ರಾಜ್ಯಕ್ಕೆಲ್ಲ ಗೊತ್ತಾಯಿತು. ಫೆಬ್ರವರಿ 12ರಂದು ರಾಜ್ಯಪಾಲರು ಸುಗ್ರೀವಾಜ್ಞೆಗೆ ಸಹಿ ಹಾಕಿದರು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಮನೆ ಮುಂದೆ ನಿಂತು ಕೂಗುವವರ ಮೇಲೆ ಕೇಸು ಹಾಕುವುದು ಸುಲಭ. ಟಾರ್ಗೆಟ್ ಬರೆದವರು ಮನೆ ಮುಂದೆ ಬರುವುದಿಲ್ಲವಲ್ಲ.

ಕೆಲಸಗಾರರ ಸಮಯಕ್ಕೂ ಕಾನೂನಿದೆ. 1961ರ ಅದೇ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಓವರ್‌ಟೈಮಿಗೆ ಎರಡು ಪಟ್ಟು ಕೂಲಿ, ವಾರಕ್ಕೊಂದು ರಜೆ ಎಂದಿದೆ. 2024ರ ಜುಲೈನಲ್ಲಿ ಓವರ್‌ಟೈಮ್ ಸೇರಿ ದಿನಕ್ಕೆ 14 ಗಂಟೆಯವರೆಗೆ ದುಡಿಸುವ ಪ್ರಸ್ತಾಪ ಬಂದಾಗ, 2017ರಲ್ಲಿ ಶುರುವಾದ ಐಟಿ ನೌಕರರ ಸಂಘ ಕಿಟು ಬೀದಿಗಿಳಿಯಿತು. ಮರುವರ್ಷ 12 ಗಂಟೆಯ ಪ್ರಸ್ತಾಪ ಬಂತು.

ನಿಮ್ಮ ಮನೆಯ ಮಕ್ಕಳು ಈ ಕೆಲಸಕ್ಕೆ ಹೊರಟಿದ್ದರೆ ಇಷ್ಟು ಹೇಳಿ ಕಳಿಸಿ: ಸೇರಿದ 30 ದಿನದೊಳಗೆ ನೇಮಕಾತಿ ಆದೇಶ ಕೊಡಬೇಕು ಎಂಬುದು ಈ ಕಾಯ್ದೆಯ 6ಎ ಕಲಂನಲ್ಲಿದೆ. 6 ತಿಂಗಳು ಸತತ ದುಡಿದವರನ್ನು ಸರಿಯಾದ ಕಾರಣ, ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಇಲ್ಲದೆ ತೆಗೆಯುವಂತಿಲ್ಲ ಎಂಬುದು 39ನೇ ಕಲಂನಲ್ಲಿದೆ. ಮೊದಲ ಸಂಬಳದ ಚೀಟಿಯನ್ನೂ ಆ ಆದೇಶದ ಫೋಟೋವನ್ನೂ ಮನೆಗೆ ವಾಟ್ಸ್‌ಆ್ಯಪ್ ಮಾಡಿಟ್ಟುಕೊಂಡಿರಲಿ.